ಚಿನ್ನದ ಗಣಿಯ ಚಿತ್ರಮಂದಿರ: ಬಾಲ್ಯಸ್ಮೃತಿಯೂ ಚರಿತ್ರೆಯೂ

ಕೋಲಾರ ಚಿನ್ನದ ಗಣಿಗಳ ಚರಿತ್ರಕಾರರು ಚಿನ್ನದ ತೂಕವನ್ನೂ ಸುರಂಗಗಳ ಆಳವನ್ನೂ ಲೆಕ್ಕವಿಟ್ಟಿದ್ದಾರೆ. ಮೇಲೆ ಬಂದ ಕಾರ್ಮಿಕನು ಸಂಜೆಯನ್ನು ಎಲ್ಲಿ ಕಳೆದನೆಂಬುದು ಆ ಲೆಕ್ಕಕ್ಕೆ ಸೇರಿದುದು ಅಪರೂಪ. ಈ ಕೊರತೆಯನ್ನು ತುಂಬುವುದಕ್ಕೆ ಚಿತ್ರಮಂದಿರದ ನೆನಪುಗಳು ಎಷ್ಟರಮಟ್ಟಿಗೆ ಸಾಧನವಾಗಬಲ್ಲವೆಂಬುದನ್ನು ಇಲ್ಲಿ ವಿಚಾರಿಸಿದೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಗಣಿಗಾರಿಕೆಯನ್ನು ಕೈಗೊಂಡ ಮೇಲೆ ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ತಮಿಳು, ತೆಲುಗು ಕುಟುಂಬಗಳು ಬಂದು ನೆಲೆಸಿದುವು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಬಂದುದು ಬೆಂಗಳೂರಿಗಲ್ಲ, ಈ ಗಣಿಗಳಿಗೆ. ಚಲಚ್ಚಿತ್ರಕ್ಕೂ ವಿದ್ಯುತ್ತೇ ಪ್ರಾಣವಷ್ಟೆ. ಎರಡು ಇಂಗಾಲದ ಕಡ್ಡಿಗಳ ತುದಿಗಳ ನಡುವೆ ಉರಿಯುವ ಪ್ರಭೆಯೇ ಹಳೆಯ ಪ್ರೊಜೆಕ್ಟರಿನ ದೀಪ. ಕಡ್ಡಿಗಳು ಸವೆದಂತೆಲ್ಲ ಅವನ್ನು ಹತ್ತಿರಕ್ಕೆ ಸರಿಸಬೇಕು. ಆಪರೇಟರನು ಮೈಮರೆತರೆ ಪರದೆಯು ಮಂಕಾಗುವುದು. 1,000 ಅಡಿಯ ರೀಲು ಸುಮಾರು 11 ನಿಮಿಷಗಳಲ್ಲಿ ಮುಗಿಯುವುದು.

ನನ್ನ ತಂದೆಯವರು ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. 1980ರ ದಶಕದ ಕೊನೆಯಲ್ಲಿ ರಾಬರ್ಟ್‌ಸನ್‌ಪೇಟೆಗೆ ಹೋಗಿ ನೋಡಿದ ಚಿತ್ರಗಳಲ್ಲಿ ಹೆಚ್ಚಿನವು ತಮಿಳಿನವು. ಕನ್ನಡದ ಹುಡುಗನಾದ ನನಗೆ ತಮಿಳಿನ ಮೊದಲ ಪಾಠಶಾಲೆ ಅದೇ. ಒಂದು ಸಂಜೆ ಆಟದ ನಡುವೆ ಕುರ್ಚಿಗಳು ಅದುರಿದುವು. ಆಳದಲ್ಲಿ ಒತ್ತಡಕ್ಕೆ ಸಿಕ್ಕ ಬಂಡೆಯು ಸಿಡಿದರೆ ಮೇಲಿನ ಮನೆಗಳೂ ನಡುಗುವುದುಂಟು. ಯಾರೂ ಕೂಗಲಿಲ್ಲ. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಗಣಿಬಾವಿಯ ಕಡೆಗೆ ನಡೆದರು. ಪರದೆಯ ಮೇಲೆ ಹಾಡು ಮುಂದುವರಿಯಿತು. ತಂದೆಯವರ ಕೆಲಸ ನೆಲದ ಮೇಲಾದುದರಿಂದ ನಾನು ಎದ್ದೇಳಲಿಲ್ಲ. ನನ್ನ ಪಕ್ಕದ ಕುರ್ಚಿ ಬರಿದಾಗಿತ್ತು. ಗಣಿಯ ಊರಿನಲ್ಲಿ ಎಲ್ಲರೂ ಒಂದೇ ಚಿತ್ರವನ್ನು ನೋಡಿದರೂ ಎಲ್ಲರ ಭಯವೂ ಒಂದೇ ಆಗಿರಲಿಲ್ಲವೆಂಬುದನ್ನು ಯಾವ ವಾರ್ಷಿಕ ವರದಿಯೂ ಹೇಳಲಾರದು.

ವೇಲ್ಸ್ ದೇಶದ ಕಲ್ಲಿದ್ದಲ ಕಣಿವೆಗಳಲ್ಲಿ ಕಾರ್ಮಿಕರು ಕೂಲಿಯಿಂದ ವಂತಿಗೆ ಕೂಡಿಸಿ ಸಭಾಭವನಗಳನ್ನು ಕಟ್ಟಿದರು. ಪುಸ್ತಕಾಲಯದೊಡನೆ ಚಲಚ್ಚಿತ್ರವೂ ಅವುಗಳಲ್ಲಿ ನಡೆಯಿತು. ಆದಕಾರಣ ಅಲ್ಲಿನ ನೆನಪಿಗೆ ಸಂಸ್ಥೆಯ ಆಸರೆಯುಂಟು. ನಮ್ಮಲ್ಲಿ ಅದು ವ್ಯಕ್ತಿಗಳಲ್ಲಿ ಮಾತ್ರ ಉಳಿದಿದೆ.

ನೆನಪು ತಪ್ಪುವುದುಂಟು. ಬ್ಯಾಂಕಿನಲ್ಲಿ ಒಂದು ಪುಸ್ತಕದ ಮೊತ್ತವನ್ನು ಇನ್ನೊಂದರೊಡನೆ ತಾಳೆನೋಡದೆ ಒಪ್ಪುವುದಿಲ್ಲ. ಹಾಗೆಯೇ ಹೇಳಿಕೆಗಳನ್ನೂ ಪತ್ರಿಕೆಯ ಜಾಹೀರಾತು, ಪರವಾನಗಿಯ ಕಡತಗಳೊಡನೆ ಹೋಲಿಸಬೇಕು. ಆದರೆ ಮೊದಲು ಹೇಳಿಕೆಯೇ ದೊರೆಯಬೇಕು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಅಂದಿನ ಪ್ರೇಕ್ಷಕರಿಗೆ ವಯಸ್ಸಾಗಿದೆ. ಚೆನ್ನೈಯಲ್ಲಿರುವ ಗಣಿನಾಡಿನ ವಾಚಕರು ತಮ್ಮ ಹಿರಿಯರನ್ನು ಕೇಳಿ ಬರೆದಿಡಬೇಕಾಗಿ ಪ್ರಾರ್ಥನೆ: ಯಾವ ಚಿತ್ರ, ಯಾವ ಭಾಷೆ, ಪಕ್ಕದಲ್ಲಿ ಯಾರು ಕುಳಿತಿದ್ದರು.