ವಿನ್ನಿಪೆಗ್‌ಗೆ ಮರಳಿದ ಹಾಕಿ

ಕೆನಡಾದ ವಿನ್ನಿಪೆಗ್ ನಗರದ ಮಧ್ಯಭಾಗದಲ್ಲಿ ಮೊದಲು ಈಟನ್ಸ್ ಎಂಬ ದೊಡ್ಡ ಅಂಗಡಿ ಇತ್ತು. ಅದನ್ನು ಕೆಡವಿ ಕಟ್ಟಿದ ಒಳಾಂಗಣ ಕ್ರೀಡಾಂಗಣದಲ್ಲಿ ಅಂಗಡಿಯ ಸ್ಥಾಪಕ ಟಿಮೊಥಿ ಈಟನ್‌ರ ಕಂಚಿನ ಪ್ರತಿಮೆಯನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಪಂದ್ಯಕ್ಕೆ ಬರುವವರು ತಂಡಕ್ಕೆ ಒಳಿತಾಗಲೆಂದು ಅದರ ಕಾಲ್ಬೆರಳು ಸವರುತ್ತಾರೆ. ತಂಡದ ಹೆಸರು ವಿನ್ನಿಪೆಗ್ ಜೆಟ್ಸ್, ಆಟ ಐಸ್ ಹಾಕಿ. ನ್ಯೂಯಾರ್ಕ್, ಟೊರಾಂಟೊ, ಷಿಕಾಗೊ ತಂಡಗಳಿರುವ ಎನ್‌ಎಚ್‌ಎಲ್ ಲೀಗ್‌ನಲ್ಲಿ ಇದೂ ಒಂದು. ಆ ಮಹಾನಗರಗಳ ಎದುರು ವಿನ್ನಿಪೆಗ್ ಚಿಕ್ಕ ಊರು. 2011ರ ಜನಗಣತಿಯಲ್ಲಿ ಇಲ್ಲಿ ಏಳು ಲಕ್ಷ ಜನರೂ ಇರಲಿಲ್ಲ.

ಜೆಟ್ಸ್ ಹೆಸರಿನ ಮೊದಲ ತಂಡ ಹುಟ್ಟಿದ್ದು 1972ರಲ್ಲಿ. 1979ರಲ್ಲಿ ಅದು ಎನ್‌ಎಚ್‌ಎಲ್ ಸೇರಿತು. ಆಟಗಾರರ ಸಂಬಳ ಅಮೆರಿಕದ ಡಾಲರಿನಲ್ಲಿ, ಟಿಕೆಟ್ಟಿನ ಹಣ ಬರುವುದು ಕೆನಡಾದ ಡಾಲರಿನಲ್ಲಿ. ತೊಂಬತ್ತರ ದಶಕದಲ್ಲಿ ಕೆನಡಾ ಡಾಲರಿನ ಬೆಲೆ ಇಳಿಯುತ್ತ ಹೋದಂತೆ ನಷ್ಟ ಏರಿತು. 1995ರಲ್ಲಿ ತಂಡ ಉಳಿಸಿಕೊಳ್ಳಲು ಸಾವಿರಾರು ಜನ ಬೀದಿಗಿಳಿದರು, ಮಕ್ಕಳು ಹುಂಡಿಯ ಚಿಲ್ಲರೆ ತಂದುಕೊಟ್ಟರು. ಆದರೂ 1996ರಲ್ಲಿ ತಂಡ ಅಮೆರಿಕದ ಫೀನಿಕ್ಸ್‌ಗೆ ಹೋಯಿತು. ವಿನ್ನಿಪೆಗ್‌ನವರ ಪ್ರೀತಿಗೆ ಕೊರತೆ ಇರಲಿಲ್ಲ. ಲೆಕ್ಕ ಕೂಡಿಬರಲಿಲ್ಲ, ಅಷ್ಟೆ.

ಮುಂದಿನ ಹದಿನೈದು ವರ್ಷ ಊರು ಕೈಕಟ್ಟಿ ಕೂರಲಿಲ್ಲ ಎಂಬುದೇ ನನಗೆ ಈ ಕಥೆಯಲ್ಲಿ ಬಹಳ ಹಿಡಿಸುವ ಭಾಗ. ಸ್ಥಳೀಯ ಉದ್ಯಮಿ ಮಾರ್ಕ್ ಚಿಪ್‌ಮನ್ ಕೆಳಗಿನ ಹಂತದ ಲೀಗ್‌ನಲ್ಲಿ ಮ್ಯಾನಿಟೋಬಾ ಮೂಸ್ ತಂಡವನ್ನು ನಡೆಸುತ್ತ ಬಂದರು. ದೊಡ್ಡ ಲೀಗ್‌ನ ಭರವಸೆ ಇಲ್ಲದಿದ್ದಾಗಲೇ, 2004ರಲ್ಲಿ, ಸುಮಾರು 15,000 ಆಸನಗಳ ಹೊಸ ಕ್ರೀಡಾಂಗಣ ತೆರೆಯಿತು. ಮರುವರ್ಷ ಎನ್‌ಎಚ್‌ಎಲ್ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಹಾಕಿತು. ಚಿಕ್ಕ ಊರಿಗೆ ಬಾಗಿಲು ತೆರೆದದ್ದು ಈ ನಿಯಮ. ಕೆನಡಾದ ಅತಿ ಸಿರಿವಂತರಲ್ಲಿ ಒಬ್ಬರಾದ ಡೇವಿಡ್ ಥಾಮ್ಸನ್ ಚಿಪ್‌ಮನ್‌ರ ಜೊತೆಗೂಡಿದ್ದರು. 2011ರ ಮೇ 31ರಂದು ಅವರ ಟ್ರೂ ನಾರ್ತ್ ಸಂಸ್ಥೆ ಅಟ್ಲಾಂಟಾದ ಎನ್‌ಎಚ್‌ಎಲ್ ತಂಡವನ್ನು ಕೊಂಡು ವಿನ್ನಿಪೆಗ್‌ಗೆ ತರುವುದಾಗಿ ಪ್ರಕಟಿಸಿತು. ಅದೇ ಈಗಿನ ಜೆಟ್ಸ್.

ಕೂಡಲೇ ಇಡೀ ಋತುವಿನ ಪಂದ್ಯಗಳಿಗೆ 13,000 ಸೀಸನ್ ಟಿಕೆಟ್ ಮಾರಿ ತೋರಿಸಬೇಕಿತ್ತು, ಅದೂ ಹಲವು ವರ್ಷಗಳ ಕರಾರಿನ ಮೇಲೆ. ಮೊದಲ ಸರದಿ ಮೂಸ್ ತಂಡದ ಹಳೆಯ ಟಿಕೆಟ್‌ದಾರರದ್ದು. ಉಳಿದವನ್ನು ಸಾರ್ವಜನಿಕರಿಗೆ ತೆರೆದಾಗ ಕೆಲವೇ ನಿಮಿಷಗಳಲ್ಲಿ ಮುಗಿದವು. ಅಕ್ಟೋಬರಿನ ಮೊದಲ ಪಂದ್ಯದಲ್ಲಿ ಮಾಂಟ್ರಿಯಲ್ ಎದುರು ತಂಡ 1–5ರಿಂದ ಸೋತಿತು. ಅದರಿಂದ ಯಾರೂ ಹಿಂದೆ ಸರಿಯಲಿಲ್ಲ. ಇಂದಿಗೂ ಪಂದ್ಯಕ್ಕೆ ಮುಂಚೆ ಹಾಡುವ ರಾಷ್ಟ್ರಗೀತೆಯಲ್ಲಿ 'ಟ್ರೂ ನಾರ್ತ್' ಎಂಬ ಪದಗಳು ಬರುತ್ತಲೇ ಇಡೀ ಕ್ರೀಡಾಂಗಣ ಒಂದೇ ದನಿಯಲ್ಲಿ ಕೂಗುತ್ತದೆ. ತಂಡ ತಂದುಕೊಟ್ಟವರಿಗೆ ಜನ ಹೇಳುವ ಕೃತಜ್ಞತೆ ಅದು.

ಎಲ್ಲ ಊರಿಗೂ ಹೀಗೆ ತಂಡ ಮರಳುವುದಿಲ್ಲ. ಕೆನಡಾದ ಕ್ವಿಬೆಕ್ ಸಿಟಿಯೂ 1995ರಲ್ಲಿ ತನ್ನ ಎನ್‌ಎಚ್‌ಎಲ್ ತಂಡ ಕಳೆದುಕೊಂಡಿತ್ತು. 2015ರಲ್ಲಿ ಅಲ್ಲಿ ಸುಮಾರು 18,000 ಆಸನಗಳ ಕ್ರೀಡಾಂಗಣ ಎದ್ದು ನಿಂತಿತು. ಮರುವರ್ಷ ಲೀಗ್ ಹೊಸ ತಂಡವನ್ನು ಕೊಟ್ಟದ್ದು ಲಾಸ್ ವೇಗಸ್‌ಗೆ. ಜಾಗ ಸಿದ್ಧವಿದ್ದರೂ ಆಯ್ಕೆ ಲೀಗ್‌ನ ಕೈಯಲ್ಲೇ ಇರುತ್ತದೆ.

ತಂಡ ತರುವುದಕ್ಕಿಂತ ಉಳಿಸಿಕೊಳ್ಳುವುದೇ ಕಷ್ಟ ಎಂಬುದು ಈಗ ವಿನ್ನಿಪೆಗ್‌ಗೆ ಗೊತ್ತಾಗಿದೆ. ದೊಡ್ಡ ನಗರಗಳಲ್ಲಿ ಕಂಪನಿಗಳು ಸಾಲುಸಾಲು ಆಸನ ಕೊಳ್ಳುತ್ತವೆ. ಇಲ್ಲಿ ಬಹುಪಾಲು ಟಿಕೆಟ್ ಸಾಮಾನ್ಯ ಮನೆಗಳದ್ದು. ಕೋವಿಡ್ ನಂತರ, 2023ರ ಹೊತ್ತಿಗೆ, ಸೀಸನ್ ಟಿಕೆಟ್‌ಗಳು 10,000ಕ್ಕಿಂತ ಕೆಳಗಿಳಿದವು. ಹೀಗೇ ಮುಂದುವರಿಯಲಾಗದು ಎಂದು ಚಿಪ್‌ಮನ್ ಬಹಿರಂಗವಾಗಿಯೇ ಹೇಳಿದರು. 2024–25ರಲ್ಲಿ ತಂಡ ಲೀಗ್ ಹಂತದ ಅಗ್ರಸ್ಥಾನಕ್ಕೆ ಸಿಗುವ ಪ್ರೆಸಿಡೆಂಟ್ಸ್ ಟ್ರೋಫಿ ಗೆದ್ದಿತು. ಆದರೆ ಗೆಲುವೊಂದೇ ಸಾಲದು, ಇನ್ನು ಊರಿನ ಕಂಪನಿಗಳೂ ಟಿಕೆಟ್ ಕೊಳ್ಳಲು ಮುಂದೆ ಬರಬೇಕು. ಇಷ್ಟು ವರ್ಷ ಮನೆಮಂದಿಯೇ ಹೊತ್ತ ಭಾರವನ್ನು ಅವರ ಮೇಲಷ್ಟೇ ಬಿಡುವುದು ನ್ಯಾಯವಲ್ಲ.