ಮಕ್ಕಳ ತೂಕ: ಕಣ್ಣಳತೆ ಸಾಲದು

ಹಲವು ವರ್ಷಗಳ ಹಿಂದೆ ಗುಬ್ಬಿಯ ಕಡೆಯ ಅಜ್ಜಿಯೊಬ್ಬರು ಎಂಟು ವರ್ಷದ ಮೊಮ್ಮಗನನ್ನು ಕೆಮ್ಮಿನ ಚಿಕಿತ್ಸೆಗೆಂದು ತುಮಕೂರಿನ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಬಾಲಕನ ಎತ್ತರ 130 ಸೆಂಟಿಮೀಟರ್, ತೂಕ 34 ಕಿಲೋಗ್ರಾಂ. "ಮೈಕೈ ತುಂಬ್ಕೊಂಡು ದುಂಡಗವ್ನೆ, ಅಲ್ವಾ ಡಾಕ್ಟ್ರೇ?" ಎಂದು ಅಜ್ಜಿ ಹೆಮ್ಮೆಯಿಂದ ಕೇಳಿದರು. ಗೋಡೆಯ ಮೇಲಿದ್ದ ವಯಸ್ಕರ ಪಟ್ಟಿಯನ್ನು ನೋಡಿ "ತೂಕ ಸರಿಯಾಗಿದೆ" ಎಂದು ಹೇಳಿ ಕಳುಹಿಸಿದೆವು. ಐದು ವರ್ಷಗಳ ನಂತರ ಅದೇ ಬಾಲಕ ಮತ್ತೆ ಬಂದ. ಕೊಳೆಯೆಂದು ಎಷ್ಟು ಉಜ್ಜಿದರೂ ಹೋಗದ ಕಪ್ಪು ಅವನ ಕತ್ತಿನ ಹಿಂಭಾಗದಲ್ಲಿತ್ತು. ದೇಹವು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿಲ್ಲವೆಂಬುದರ ಸೂಚನೆಯದು. ಮೊದಲ ಭೇಟಿಯಲ್ಲಿಯೇ ಎಚ್ಚರಿಸದೇ ಹೋದದ್ದು ನಮ್ಮ ತಪ್ಪು.

ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ದೊರೆಯುವುದೇ ಬಿಎಂಐ. ಆ ಬಾಲಕನದು ಸುಮಾರು 20. ವಯಸ್ಕರಲ್ಲಿ ಇದು ಸಹಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2007ರ ಮಾನದಂಡದಂತೆ ಎಂಟು ವರ್ಷದ ಬಾಲಕನಲ್ಲಿ 17.4 ದಾಟಿದರೆ ಅಧಿಕ ತೂಕ, 19.7 ದಾಟಿದರೆ ಸ್ಥೂಲಕಾಯ. ಹದಿನೈದರ ಹುಡುಗನಲ್ಲಿ ಅದೇ 20 ಸರಾಸರಿಯ ಸಮೀಪದ ಅಂಕಿ. ಆದ್ದರಿಂದ ವಯಸ್ಸು, ಲಿಂಗಗಳನ್ನು ಬಿಟ್ಟು ಮಕ್ಕಳ ಬಿಎಂಐಗೆ ಅರ್ಥವಿಲ್ಲ.

ಚರಕಾಚಾರ್ಯರು ದೇಹವನ್ನು ಅವರವರ ಸ್ವಂತ ಬೆರಳಿನ ಅಳತೆಯಿಂದಲೇ ಅಳೆಯಬೇಕೆಂದರು. ಅತಿಸ್ಥೂಲ, ಅತಿಕೃಶ ಎರಡನ್ನೂ ನಿಂದಿತ ದೇಹಗಳ ಸಾಲಿನಲ್ಲಿಯೇ ಇರಿಸಿದರು. ಪ್ರತಿಯೊಂದು ಮಗುವಿಗೂ ಅದರದೇ ಅಳತೆ ಎಂಬ ವಿವೇಕ ನಮ್ಮ ಶಾಸ್ತ್ರಕ್ಕೆ ಹೊಸತಲ್ಲ.

ಅಳೆಯುವ ಕ್ರಮವೂ ಮುಖ್ಯ. ಪಾದರಕ್ಷೆ ಕಳಚಿ, ಹಿಮ್ಮಡಿ ಗೋಡೆಗೆ ತಾಗಿಸಿ, ದೃಷ್ಟಿ ನೇರವಾಗಿರುವಂತೆ ನಿಲ್ಲಿಸಿ ಎತ್ತರವನ್ನು ಗುರುತಿಸಬೇಕು. ತೂಕದ ಯಂತ್ರ ಮೊದಲು ಸೊನ್ನೆಯನ್ನು ತೋರಿಸುತ್ತಿರಬೇಕು. ಸೊಂಟದ ಸುತ್ತಳತೆ ಎತ್ತರದ ಅರ್ಧವನ್ನು ಮೀರಿದ್ದರೆ ಅದೂ ಎಚ್ಚರಿಕೆಯೇ. ಆರು ತಿಂಗಳಿಗೊಮ್ಮೆ ಅಳೆದು ದಿನಾಂಕದೊಂದಿಗೆ ಬರೆದಿಡಿರಿ; ಒಂದು ಅಂಕಿಗಿಂತ ಅಂಕಿಗಳ ಸಾಲು ಹೆಚ್ಚು ಹೇಳುತ್ತದೆ.

ಇನ್ನೊಂದು ಮಾತು. ಕುಣಿಗಲ್ ಕಡೆಯ ಬಾಲಕಿಯೊಬ್ಬಳು ತರಗತಿಯೆದುರು ತನ್ನ ತೂಕವನ್ನು ಕೂಗಿ ಹೇಳಿದರೆಂದು ಮಧ್ಯಾಹ್ನದ ಊಟವನ್ನೇ ಬಿಟ್ಟಿದ್ದಳು. ವರ್ಗೀಕರಣವು ವೈದ್ಯರ ಕಡತಕ್ಕೆ ಮಾತ್ರ; ಅದು ಮಗುವಿನ ಅಡ್ಡಹೆಸರಾಗಬಾರದು.

ಬೆಳೆಯುವ ಮಕ್ಕಳಿಗೆ ಉಪವಾಸ ಹಾಕಿಸಬೇಡಿರಿ. ಬಹುಪಾಲು ಮಕ್ಕಳಲ್ಲಿ ತೂಕದ ಏರಿಕೆ ತಡೆದರೆ ಸಾಕು, ಎತ್ತರ ಬೆಳೆದಂತೆ ಪ್ರಮಾಣ ತಾನಾಗಿ ಸರಿಹೋಗುತ್ತದೆ. ಬೇಕರಿ ತಿನಿಸು, ಸಿಹಿ ಪಾನೀಯಗಳು ಕಡಿಮೆಯಾಗಲಿ. ಮುದ್ದೆ, ಸೊಪ್ಪಿನ ಸಾರು, ಕಾಳುಗಳು ತಟ್ಟೆಗೆ ಮರಳಲಿ. ದಿನಕ್ಕೊಂದು ಗಂಟೆ ಮಗು ಬೆವರುವಂತೆ ಆಡಲಿ. ಕತ್ತಿನ ಕಪ್ಪು, ನಿದ್ರೆಯಲ್ಲಿ ಗೊರಕೆ, ನಡೆದರೆ ಏದುಸಿರು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿರಿ.

ಅಂದು ಆ ಅಜ್ಜಿಗೆ ನಾವು ಹೇಳದೇ ಹೋದ ಮಾತನ್ನು ಇಂದು ತಮ್ಮೆಲ್ಲರಿಗೂ ಅರಿಕೆ ಮಾಡಿಕೊಂಡಿದ್ದೇವೆ.