ಕೈಪಿಡಿಯ ಅಟ್ಟ ಯಾವುದು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಉಂಡೆಕೊಬ್ಬರಿ ಎಲ್ಲಿದೆಯೆಂದು ಯಾರೂ ಕೇಳುವುದಿಲ್ಲ. ಬಲಿತ ಕಾಯಿ ಸಿಪ್ಪೆಸಮೇತ ಅಟ್ಟವೇರಿ, ಹೆಚ್ಚುಕಡಮೆ ವರ್ಷಕಾಲ ಅಲ್ಲೇ ಇದ್ದು, ನೀರಿಂಗಿ, ಒಳಗೆ ಕೊಬ್ಬರಿ ಗಡಗಡನೆ ಆಡತೊಡಗಿದಾಗ ಕೆಳಗಿಳಿಯುತ್ತದೆ. ಹೊಸದಾಗಿ ಬಂದ ಸೊಸೆಗೂ ಅದನ್ನು ಹೇಳಿಕೊಡಬೇಕಾಗಿಲ್ಲ. ಅದೇ ಮನೆಗಳಲ್ಲಿ, ಶಾಲೆಗಳಲ್ಲಿ, ಮಂಡಿಯ ಲೆಕ್ಕದ ಮೇಜಿನ ಮೇಲೆ ಈಗ ಗಣಕಯಂತ್ರವೂ ಕುಳಿತಿದೆ. ಅದರೊಳಗಿನ ತಂತ್ರಾಂಶದ ಕೈಪಿಡಿ ಎಲ್ಲಿದೆಯೆಂದರೆ ಮಾತ್ರ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ತಂತ್ರಾಂಶ ಒಂಟಿಯಾಗಿ ಬರುವುದಿಲ್ಲ. ಅದರ ಕಟ್ಟಿನಲ್ಲಿ ಕೆಲಸ ಮಾಡುವ ಕಡತಗಳೊಡನೆ ಓದುವ ಕಡತಗಳೂ ಇರುತ್ತವೆ: ಬಳಕೆಯ ವಿವರಣೆ, ಬದಲಾವಣೆಗಳ ಪಟ್ಟಿ, ಹಕ್ಕುಪತ್ರ. ಇವನ್ನು ಎಲ್ಲಿ ಇಳಿಸಬೇಕೆಂಬುದನ್ನು ಕಟ್ಟು ಕಟ್ಟುವವನು ನಿಶ್ಚಯಿಸಬೇಕು. ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯವರು 1994ರಿಂದಲೂ ಇಂಥ ವಿಷಯಗಳಿಗೆ ಒಂದು ಒಪ್ಪಂದದ ನಕ್ಷೆಯನ್ನು ಬರೆಯುತ್ತ ಬಂದಿದ್ದಾರೆ. ಈಗಿನ ನಕ್ಷೆಯಂತೆ ‘ಯುಎಸ್‌ಆರ್’ ಎಂಬ ಕೋಶ, ಅದರೊಳಗೆ ‘ಷೇರ್’, ಅದರೊಳಗೆ ‘ಡಾಕ್’. ಅಲ್ಲಿ ಪ್ರತಿಯೊಂದು ತಂತ್ರಾಂಶಕ್ಕೂ ಅದರದೇ ಹೆಸರಿನ ಗೂಡು. ‘ರೀಡ್‌ಮೀ’ ಎಂಬ ಹೆಸರಿನ ಕಡತ ನೂರು ತಂತ್ರಾಂಶಗಳಲ್ಲಿ ಉಂಟು. ಎಲ್ಲವನ್ನೂ ಒಂದೇ ರಾಶಿಗೆ ಸುರಿದರೆ ಒಂದರಿಂದ ಇನ್ನೊಂದು ಅಳಿಸಿಹೋಗುತ್ತದೆ. ಮಾರುಕಟ್ಟೆ ಪ್ರಾಂಗಣದಲ್ಲಿ ಪ್ರತಿ ರೈತನ ಚೀಲಗಳಿಗೂ ಬೇರೆ ಲಾಟು ನಂಬರು ಬೀಳುವುದು ಇದಕ್ಕಾಗಿಯೇ ಅಲ್ಲವೆ? ‘ಷೇರ್’ ಎಂಬುದಕ್ಕೂ ಅರ್ಥವುಂಟು. ಓದುವ ಕಡತಕ್ಕೆ ಯಂತ್ರದ ಜಾತಿ ಯಾವುದಾದರೇನು? ಹಲವು ಬಗೆಯ ಯಂತ್ರಗಳು ಒಂದೇ ಪ್ರತಿಯನ್ನು ಹಂಚಿಕೊಳ್ಳಬಹುದು.

ಒಮ್ಮೆ ರೂಢಿಯಾದ ಜಾಗವನ್ನು ಬದಲಾಯಿಸುವುದು ಸುಲಭವಲ್ಲ. ಲಿನಕ್ಸಿನ ವಿತರಣೆಗಳಲ್ಲೊಂದಾದ ಡೆಬಿಯನ್ನಿನಲ್ಲಿ ‘ಡಾಕ್’ ಕೋಶವು ಮೊದಲು ‘ಷೇರ್’ನ ಹೊರಗಿತ್ತು. 1999ರಲ್ಲಿ ಅದನ್ನು ಒಳಕ್ಕೆ ಸಾಗಿಸುವ ಕೆಲಸ ಮೊದಲಾಯಿತು. ಆದರೆ ಸಾವಿರಾರು ಕಟ್ಟುಗಳು. ತಿದ್ದುವವರೋ ತಮ್ಮ ತಮ್ಮ ಬಿಡುವಿನಲ್ಲಿ ದುಡಿಯುವ ಸ್ವಯಂಸೇವಕರು. ಅರ್ಧ ಅಲ್ಲಿ, ಅರ್ಧ ಇಲ್ಲಿ ಉಳಿದರೆ ಓದುವವನ ಗತಿಯೇನು? ಸಾಕಷ್ಟು ವಾದವಿವಾದವಾದ ಬಳಿಕ, ಹೊಸ ಜಾಗಕ್ಕೆ ಹೋದ ಪ್ರತಿ ಗೂಡೂ ಹಳೆಯ ಸ್ಥಳದಲ್ಲೊಂದು ಕೊಂಡಿಯನ್ನು ಬಿಟ್ಟು ಹೋಗಬೇಕೆಂದಾಯಿತು. ಅಂಗಡಿ ಬದಲಿಸಿದವನು ಹಳೆಯ ಬಾಗಿಲಿಗೆ ಹೊಸ ವಿಳಾಸದ ಹಲಗೆ ತೂಗುಹಾಕಿದಂತೆ. ಇಡೀ ಪ್ರಸಂಗದಲ್ಲಿ ನನಗೆ ಹಿಡಿಸಿದ ಸೌಜನ್ಯವೆಂದರೆ ಇದೇ.

ಡೆಬಿಯನ್ನಿನ ಇನ್ನೊಂದು ಕಟ್ಟಳೆ: ‘ಡಾಕ್’ ಕೋಶದಲ್ಲಿ ಏನೂ ಇಲ್ಲದಿದ್ದರೂ ತಂತ್ರಾಂಶ ನಡೆಯಬೇಕು. ಆದ್ದರಿಂದ ಜಾಗ ಸಾಲದ ಚಿಕ್ಕ ಯಂತ್ರಗಳಲ್ಲಿ ಹಕ್ಕುಪತ್ರವೊಂದನ್ನು ಉಳಿಸಿ ಮಿಕ್ಕದ್ದನ್ನು ಇಳಿಸದೆ ಬಿಡುವುದುಂಟು. ‘ಎಲ್ಲವೂ ಅಂತರಜಾಲದಲ್ಲಿದೆಯಲ್ಲ, ಇಲ್ಲೇಕೆ?’ ಎಂದು ಶ್ರೋತೃಗಳಲ್ಲಿ ಕೆಲವರು ಕೇಳಿಯಾರು. ಮಳೆಗಾಳಿಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದು ಸಂಪರ್ಕ ಕಡಿದ ಸಂಜೆ, ಲೆಕ್ಕ ಅರ್ಧಕ್ಕೆ ನಿಂತಾಗ, ಅಂತರಜಾಲದ ಕೈಪಿಡಿ ಯಾರಿಗೆ ಬಂತು? ನಮ್ಮ ಊರುಗಳಲ್ಲಿ ಈ ಮಿತವ್ಯಯ ಬೇಡ.

‘ಡಾಕ್’ನ ನೆರೆಯಲ್ಲೇ ‘ಮ್ಯಾನ್’ ಎಂಬ ಇನ್ನೊಂದು ಕೋಶವುಂಟು. ಒಂದೊಂದು ಆಜ್ಞೆಯ ವಿವರಣೆಗೂ ಅಲ್ಲಿ ಒಂದು ಪುಟ. ಇಂಗ್ಲಿಷಿನದಲ್ಲದ ಪುಟಗಳು ಅದರೊಳಗೆ ಆಯಾ ಭಾಷೆಯ ಸಂಕೇತವುಳ್ಳ ಕೋಶಕ್ಕೆ ಹೋಗುತ್ತವೆ. ಕನ್ನಡದ ಸಂಕೇತ ‘ಕೆಎನ್’. ಯಾರಾದರೂ ಒಂದು ಪುಟವನ್ನು ಕನ್ನಡದಲ್ಲಿ ಬರೆದು ಆ ಹೆಸರಿನ ಕೋಶದಲ್ಲಿಟ್ಟರೆ, ಕನ್ನಡಕ್ಕೆ ಅಣಿಮಾಡಿದ ಯಂತ್ರವು ಇಂಗ್ಲಿಷಿನ ಪುಟಕ್ಕಿಂತ ಮೊದಲು ಅದನ್ನೇ ತೆರೆದು ತೋರಿಸುತ್ತದೆ.